ಕಾಶಿಯ ಮಂಜು, ಅಮ್ಮ ಮತ್ತು ನನ್ನ ಮೊಬೈಲ್

ಡಿಸೆಂಬರ್ ಕೊನೆಯ ವಾರ ರಜೆ ಹಾಕಿ ಅಮ್ಮನ ಜೊತೆ ಕಾಶಿಗೆ ಹೋಗಿದ್ದೆ. ಇನ್‌ಸ್ಟಾಗ್ರಾಮ್‌ನಲ್ಲಿ ಸೇವ್ ಮಾಡಿಟ್ಟುಕೊಂಡಿದ್ದ ಫೋಟೊಗಳಲ್ಲೆಲ್ಲ ಬಂಗಾರದ ಬಿಸಿಲು, ಮಿನುಗೋ ಗಂಗೆ. ಮೊದಲ ದಿನ ಬೆಳಿಗ್ಗೆ ಆರಕ್ಕೆ ಅಸ್ಸಿ ಘಾಟಿನ ಮೆಟ್ಟಿಲಿಳಿದರೆ ನದಿಯೇ ಕಾಣಲಿಲ್ಲ! ದಡಕ್ಕೆ ಕಟ್ಟಿದ್ದ ದೋಣಿಗಳೂ ಮಂಜಿನಲ್ಲಿ ಅರ್ಧ ಮಾಯ. ನನ್ನ ಮುಖ ಸಣ್ಣದಾಯ್ತು. ಅಮ್ಮ ಶಾಲು ಬಿಗಿಮಾಡಿಕೊಂಡು, "ಗಂಗೆ ಎಲ್ಲೂ ಓಡಿಹೋಗಿಲ್ಲ, ಮೊದಲು ಚಹಾ ಕುಡಿ" ಅಂದ್ರು.

ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ. 80ಕ್ಕೂ ಹೆಚ್ಚು ಘಾಟುಗಳು ಪಶ್ಚಿಮ ದಡದಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತಿವೆ. ಹಾಗಾಗಿ ಬೆಳಗಿನ ಬಿಸಿಲು ನೇರವಾಗಿ ಮೆಟ್ಟಿಲ ಮೇಲೇ ಬೀಳುತ್ತೆ. ಮಧ್ಯಾಹ್ನದ ಮೇಲೆ ಕಟ್ಟಡಗಳ ನೆರಳು. ಫೋಟೊಗೆ ಬೆಳಗೇ ಸರಿ, ಆದ್ರೆ ಚಳಿಗಾಲದಲ್ಲಿ ಆ ಬೆಳಗು ಮಂಜಿನ ಪಾಲು. ಮಂಜು ತೀರಾ ದಟ್ಟವಾಗಿದ್ರೆ ದೋಣಿಗಳನ್ನೂ ಬಿಡೋದಿಲ್ಲ.

ಎರಡು ದಿನ ಸೋತ ಮೇಲೆ ಕಲಿತಿದ್ದು ಇಷ್ಟು. ಬಿಳಿ ಮಂಜನ್ನು ಕಂಡರೆ ಕ್ಯಾಮೆರಾ ಬೆಳಕು ಜಾಸ್ತಿಯಾಯ್ತು ಅಂದುಕೊಂಡು ಅದನ್ನು ಬೂದಿ ಬಣ್ಣ ಮಾಡಿಬಿಡುತ್ತೆ. ಸ್ಕ್ರೀನ್ ಮುಟ್ಟಿ ಎಕ್ಸ್‌ಪೋಶರ್ ಸ್ವಲ್ಪ ಮೇಲಕ್ಕೆ ಎಳೀರಿ. ಫ್ಲ್ಯಾಶ್ ಬೇಡವೇ ಬೇಡ, ಬೆಳಕು ಮಂಜಿನ ಹನಿಗೆ ಬಡಿದು ವಾಪಸ್ ಬರುತ್ತೆ. ಹತ್ತಿರದಲ್ಲಿ ಕಪ್ಪಗಿರೋದು ಏನಾದ್ರೂ ಇರಲಿ: ದೋಣಿಯ ಮೂತಿ, ಛತ್ರಿ, ಕೂತಿರೋ ಮನುಷ್ಯ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ, ಮೊಬೈಲನ್ನು ಒಳಜೇಬಲ್ಲಿಡಿ. ಲೆನ್ಸ್ ಮೇಲೆ ಕೂತ ತೇವ ಆಗಾಗ ಒರೆಸ್ತಾ ಇರಿ.

ಮೂರನೇ ದಿನ ಮಂಜು ತೆಳುವಾಯ್ತು, ದೋಣಿ ಸಿಕ್ತು. ಸ್ವಲ್ಪ ಹೊತ್ತಿಗೆ ಹರಿಶ್ಚಂದ್ರ ಘಾಟ್ ಬಂತು. ಬೆಂಗಳೂರಲ್ಲೂ ಆ ಹೆಸರಿನ ಸ್ಮಶಾನ ಇದೆ, ಹೆಸರು ನಮಗೇನು ಹೊಸದಲ್ಲ. ಮಂಜಿನೊಳಗೆ ಎರಡು ಚಿತೆಗಳ ಕಿತ್ತಳೆ ಬೆಳಕು. ಅದರೆದುರು ತಲೆ ಬೋಳಿಸಿಕೊಂಡು, ಬಿಳಿ ಬಟ್ಟೆ ಉಟ್ಟು ನಿಂತ ಹುಡುಗ, ಹೆಚ್ಚುಕಮ್ಮಿ ನನ್ನ ವಯಸ್ಸಿನವನು. ಮೂರು ದಿನ ಕಾದಿದ್ದು ಇದೇ ಫ್ರೇಮಿಗೆ ಅನ್ನಿಸ್ತು. ಜೂಮ್ ಮಾಡಿದೆ. "ಇಲ್ಲಿ ಬೇಡ" ಅಂತ ದೋಣಿಯವರು ಹಿಂದಿಯಲ್ಲಿ ಹೇಳಿದ್ರು. ಇಷ್ಟು ದೂರದಿಂದ ಯಾರಿಗೆ ಗೊತ್ತಾಗುತ್ತೆ ಅಂತ ನಾನು ಕೈ ಇಳಿಸಲಿಲ್ಲ.

ಆಗ ಅಮ್ಮ ಮೆಲ್ಲಗೆ ಕೇಳಿದ್ರು, "ನಿಮ್ಮಪ್ಪ ಹೋದ ದಿನ ಯಾರೋ ಫೋಟೊ ತೆಗೆದಿದ್ರಲ್ಲ, ಅದು ಇನ್ನೂ ಇದೆಯಾ?"

ಇದೆ. ಎರಡು ವರ್ಷದ ಹಿಂದೆ ನಾನು ಬೆಂಕಿ ಇಡೋವಾಗ ನೆಂಟರೊಬ್ಬರು ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು. ಅವತ್ತಿನ ನನ್ನ ಮುಖವನ್ನು ಎಲ್ಲರೂ ನೋಡಿದ್ದಾರೆ. ನಾನು ಮಾತ್ರ ಇವತ್ತಿಗೂ ಅದನ್ನು ತೆರೆದಿಲ್ಲ, ಡಿಲೀಟೂ ಮಾಡಿಲ್ಲ.

ಮೊಬೈಲ್ ಜೇಬಿಗೆ ಹಾಕಿದೆ. ಘಾಟ್ ದಾಟೋವರೆಗೂ ಯಾರೂ ಮಾತಾಡಲಿಲ್ಲ. ಹರಿಶ್ಚಂದ್ರ, ಮಣಿಕರ್ಣಿಕಾ ಎರಡೂ ಕಡೆ ಹೀಗೇ ಮಾಡಿ ಅಂತ ನಿಮಗೂ ಹೇಳ್ತೀನಿ. ಬೇರೆ ಘಾಟುಗಳಲ್ಲಿ ತೆಗೆಯೋಕೆ ಬೇಕಾದಷ್ಟಿದೆ.

ಕೇದಾರ ಘಾಟ್ ದಾಟಿದ ಮೇಲೆ ಪಕ್ಕದ ದೋಣಿಯವರು ಸೇವ್ ಎಸೆದ್ರು ನೋಡಿ, ಚಳಿಗಾಲಕ್ಕೆ ದೂರದಿಂದ ವಲಸೆ ಬರೋ ಬಿಳಿ ಕಡಲಕ್ಕಿಗಳು ನೂರಾರು ಒಮ್ಮೆಲೇ ಮುತ್ತಿಕೊಂಡವು. ಅಮ್ಮ ಶಾಲಿಂದ ತಲೆ ಮುಚ್ಚಿಕೊಂಡು ಜೋರಾಗಿ ನಕ್ಕರು. ಅವಸರದಲ್ಲಿ ಕ್ಲಿಕ್ ಮಾಡಿದೆ. ಫೋಕಸ್ ಇಲ್ಲ, ಒಂದು ರೆಕ್ಕೆ ಅರ್ಧ ಫ್ರೇಮ್ ನುಂಗಿದೆ, ಎಕ್ಸ್‌ಪೋಶರ್ ಪಾಠವೆಲ್ಲ ಮರೆತಿದ್ದೆ. ಅಪ್ಪ ಹೋದ ಮೇಲೆ ಅಮ್ಮ ಹಲ್ಲು ಕಾಣೋ ಹಾಗೆ ನಕ್ಕಿರೋ ಮೊದಲ ಫೋಟೊ ಅದು. ಪ್ರಿಂಟ್ ಹಾಕಿಸಿದ್ದೀನಿ.