ಹಲ್ಲು ಕಟ್ಟುವ ಕೈಗಳಿಗೂ ಪದವಿ ಬೇಡವೇ?

ವಿಜ್ಞಾನ ವಿಭಾಗದಲ್ಲಿ ಪಿಯುಸಿ ಮುಗಿಸಿದ ಮಕ್ಕಳಿಗೆ ನಾವು ಎರಡೇ ಬಾಗಿಲುಗಳನ್ನು ತೋರಿಸುತ್ತಿದ್ದೇವೆ. ಒಂದೋ ಡಾಕ್ಟರ್, ಇಲ್ಲವೇ ಇಂಜಿನಿಯರ್. ವೈದ್ಯಕೀಯ ಸೀಟು ದಕ್ಕದಿದ್ದರೆ ಸಾಲ ಮಾಡಿಯಾದರೂ ಬಿಡಿಎಸ್. ಅದೂ ಆಗದಿದ್ದರೆ ಮಗ ಗ್ಯಾರೇಜಿಗೆ, ಮಗಳು ಮನೆಗೆ. ಕುಂದಗೋಳ ತಾಲೂಕಿನ ಗುಡಗೇರಿಯಂಥ ಊರಲ್ಲಾಗಲಿ, ಹುಬ್ಬಳ್ಳಿಯಂಥ ನಗರದಲ್ಲಾಗಲಿ ಈ ಮನೋಭಾವ ಬೇರೆಯಲ್ಲ. ಇವೆರಡರ ನಡುವೆ ಇನ್ನೊಂದು ಬಾಗಿಲಿದೆ ಎಂಬುದನ್ನು ನಾವು ಗಮನಿಸಿಯೇ ಇಲ್ಲ.

ದಂತವೈದ್ಯರು ಬಾಯಿಯ ಅಳತೆ ತೆಗೆಯುತ್ತಾರೆ. ಆದರೆ ಹಲ್ಲಿನ ಸೆಟ್ ಸಾಮಾನ್ಯವಾಗಿ ಸಿದ್ಧವಾಗುವುದು ಲ್ಯಾಬಿನಲ್ಲಿ, ಡೆಂಟಲ್ ಟೆಕ್ನಿಷಿಯನ್‌ನ ಕೈಯಲ್ಲಿ. 1948ರ ದಂತವೈದ್ಯರ ಕಾಯ್ದೆಯೇ ಇವರನ್ನು ‘ಡೆಂಟಲ್ ಮೆಕ್ಯಾನಿಕ್’ ಎಂದು ಗುರುತಿಸಿ ನೋಂದಣಿಗೆ ಅವಕಾಶ ಕಲ್ಪಿಸಿತ್ತು. ಆದರೂ ಹಲ್ಲು ಕಟ್ಟಿಸಿಕೊಂಡವರಿಗೆ ಅದನ್ನು ಮಾಡಿದವರು ಯಾರೆಂದು ಇಂದಿಗೂ ತಿಳಿಯದು.

ಈ ಕಸುಬು ಈಗ ಮಗ್ಗುಲು ಬದಲಿಸುತ್ತಿದೆ. ಹಳೆಯ ಕ್ರಮದಲ್ಲಿ ಮೇಣದಲ್ಲಿ ಹಲ್ಲು ಜೋಡಿಸಿ, ಅಚ್ಚು ಹಾಕಿ, ಅಕ್ರಿಲಿಕ್ ತುಂಬಿ ಕಾಯಿಸಬೇಕು. ಗಟ್ಟಿಯಾಗುವಾಗ ಅಕ್ರಿಲಿಕ್ ಕುಗ್ಗುತ್ತದೆ. ಸೆಟ್ ಸಡಿಲವಾಗಲು ಇದೂ ಒಂದು ಕಾರಣ. ಡಿಜಿಟಲ್ ಕ್ರಮದಲ್ಲಿ ಅಳತೆಯನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ವಿನ್ಯಾಸ ರೂಪಿಸಿ, ಮೊದಲೇ ಗಟ್ಟಿಯಾದ ಅಕ್ರಿಲಿಕ್ ಬಿಲ್ಲೆಯಿಂದ ಯಂತ್ರದ ಮೂಲಕ ಕೊರೆಯಲಾಗುತ್ತದೆ. ಇಲ್ಲವೇ ತ್ರೀಡಿ ಮುದ್ರಣದಿಂದ ಪದರ ಪದರವಾಗಿ ಕಟ್ಟಲಾಗುತ್ತದೆ. ಸೆಟ್ ಕಳೆದುಹೋದರೂ ಲೆಕ್ಕ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಜೋಳದ ರೊಟ್ಟಿ ಅಗಿಯಲಾಗದೆ ಹಾಲಲ್ಲಿ ನೆನೆಸಿ ತಿನ್ನುವ ಹಿರಿಯರನ್ನು ಕೂಲಿ ಬಿಟ್ಟು ಮತ್ತೆ ಮತ್ತೆ ಹುಬ್ಬಳ್ಳಿಗೆ ಕರೆದೊಯ್ಯುವ ಮಕ್ಕಳಿಗೆ, ಒಂದೆರಡು ಸುತ್ತು ಕಡಿಮೆಯಾದರೂ ಅದು ದೊಡ್ಡ ಉಪಕಾರವೇ.

ಈ ತಂತ್ರಜ್ಞಾನ ಹುಟ್ಟಿದ್ದು ಕಲಿಕೆಯ ಅಂಗಳದಲ್ಲಿ ಎಂಬುದು ಗಮನಾರ್ಹ. 1985ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್ ವಿಶ್ವವಿದ್ಯಾಲಯದಲ್ಲಿ ದಂತವೈದ್ಯ ವರ್ನರ್ ಮೋರ್ಮನ್, ಇಂಜಿನಿಯರ್ ಮಾರ್ಕೊ ಬ್ರಾಂಡೆಸ್ಟಿನಿಯವರ ಜೊತೆಗೂಡಿ ಕಂಪ್ಯೂಟರ್ ನೆರವಿನಿಂದ ಹಲ್ಲಿನ ತುಂಬಿಕೆಯನ್ನು ರೋಗಿಯ ಎದುರೇ ತಯಾರಿಸಿದರು. 1994ರಲ್ಲಿ ಜಪಾನಿನ ಸಂಶೋಧಕರು ಇಡೀ ಸೆಟ್ಟನ್ನೇ ಕಂಪ್ಯೂಟರಿನಿಂದ ರೂಪಿಸುವ ಪ್ರಯೋಗವನ್ನು ಪ್ರಕಟಿಸಿದರು. ಕೈಕಸುಬು ಶಾಸ್ತ್ರವಾಗಿ ಬೆಳೆಯುವುದು ಹೀಗೆ. ನಮ್ಮಲ್ಲಾದರೋ ಈ ಕ್ಷೇತ್ರದ ಓದು ಹೆಚ್ಚಾಗಿ ಎರಡು ವರ್ಷದ ಕೋರ್ಸಿಗೇ ನಿಂತುಬಿಡುತ್ತದೆ. ಪದವಿ, ಸಂಶೋಧನೆ, ಬೋಧನೆಯ ಮೆಟ್ಟಿಲುಗಳಿಲ್ಲದಿದ್ದರೆ ಟೆಕ್ನಿಷಿಯನ್ ಎಂದೆಂದಿಗೂ ಕೂಲಿಕಾರನಾಗಿಯೇ ಉಳಿಯುವುದಿಲ್ಲವೇ?

ಧಾರವಾಡದಲ್ಲಿ ಎಸ್‌ಡಿಎಂ ದಂತವೈದ್ಯಕೀಯ ಕಾಲೇಜು 1986ರಿಂದಲೂ ಇದೆ. ವಿಜಯಪುರದ ಅಲ್-ಅಮೀನ್, ಮಂಗಳೂರಿನ ಯೆನೆಪೋಯ ದಂತ ಕಾಲೇಜುಗಳನ್ನು ಕಟ್ಟಿದವರು ನಮ್ಮ ಸಮುದಾಯದ ಹಿರಿಯರೇ. ದಂತವೈದ್ಯರನ್ನು ಬೆಳೆಸಿದ ಇಂಥ ಸಂಸ್ಥೆಗಳು ದಂತ ತಂತ್ರಜ್ಞಾನದ ಉನ್ನತ ವ್ಯಾಸಂಗಕ್ಕೂ ಮುಂದಾಳುತನ ವಹಿಸಬೇಕು.

ಪೋಷಕರಿಗೆ ಒಂದೆರಡು ಮಾತು. ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸದೆ ಶುಲ್ಕ ಕಟ್ಟಬೇಡಿ. ಟೆಕ್ನಿಷಿಯನ್ ಆದವನು ರೋಗಿಯ ಬಾಯಿಗೆ ಕೈ ಹಾಕುವಂತಿಲ್ಲ; ಅದು ದಂತವೈದ್ಯರ ಕೆಲಸ. ಕಂಪ್ಯೂಟರ್ ಬಂದಿದೆಯೆಂದು ಕೈಚಳಕದ ಬೆಲೆಯೇನೂ ಇಳಿದಿಲ್ಲ. ಗಡಿಯಾರ ರಿಪೇರಿ, ಟೇಲರಿಂಗ್, ಕಸೂತಿಗಳಲ್ಲಿ ಪಳಗಿದ ಮನೆಗಳ ಮಕ್ಕಳಿಗೆ ಅದು ಬಳುವಳಿಯಾಗಿಯೇ ಬಂದಿದೆ. ವಿನ್ಯಾಸದ ಕೆಲಸ ಹೆಣ್ಣುಮಕ್ಕಳಿಗೂ ಒಗ್ಗುವಂಥದ್ದು. ಆ ಕೈಗಳಿಗೆ ವಿದ್ಯೆಯ ಬಲ ಕೊಡುವುದಷ್ಟೇ ಬಾಕಿ. ಈ ಬಗ್ಗೆ ಮನೆಗಳಲ್ಲಿ, ಜಮಾಅತ್‌ಗಳಲ್ಲಿ ಈಗಲೇ ಚರ್ಚೆಯಾಗಲಿ.