ಕನ್ನಂಬಾಡಿಯ ಸುರ್ಕಿ, ನಾಳೆಯ ಸಿಮೆಂಟು

ಮನೆ ಕಟ್ಟಿಸುವವರು ಅಂಗಡಿಯಲ್ಲಿ ಸಿಮೆಂಟಿನ ಬಗ್ಗೆ ಕೇಳುವ ಪ್ರಶ್ನೆ ಎರಡೇ: ಯಾವ ಕಂಪನಿ, ಎಷ್ಟು ಗ್ರೇಡ್? 53 ಗ್ರೇಡ್ ಎಂದು ಚೀಲದ ಮೇಲಿದ್ದರೆ ಮಾಲೀಕರಿಗೆ ನಿದ್ದೆ ಬರುತ್ತದೆ. ಒಳಗೆ ಏನೇನು ಬೆರೆತಿದೆ ಎಂದು ವಿಚಾರಿಸುವವರು ವಿರಳ. ಹೊಸ ವಸ್ತುಗಳೆಂದರೆ ಪತ್ರಿಕೆಗಳಿಗೂ ನೆನಪಾಗುವುದು ಗ್ರ್ಯಾಫೀನ್‌ನಂಥ ಹೆಸರುಗಳು. ಅದಕ್ಕೆ 2010ರಲ್ಲಿ ನೊಬೆಲ್ ಬಂತು, ನಿಜ. ಆದರೆ ಜನಸಾಮಾನ್ಯರ ಬದುಕಿನ ಮಟ್ಟಿಗೆ ಅದಕ್ಕಿಂತ ದೊಡ್ಡ ಸುದ್ದಿ ಈ ಬೂದು ಪುಡಿಯೊಳಗೇ ನಡೆಯುತ್ತಿದೆ.

ಸಿಮೆಂಟಿನ ಜೀವಾಳ ಕ್ಲಿಂಕರ್. ಸುಣ್ಣಕಲ್ಲು ಮತ್ತು ಜೇಡಿಮಣ್ಣನ್ನು ನುಣ್ಣಗೆ ಪುಡಿಮಾಡಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಸಿಗುವ ಗಟ್ಟಿ ಉಂಡೆಗಳಿವು. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯ ಕಾರ್ಖಾನೆಗಳ ಉದ್ದನೆಯ ಗೂಡುಗಳಲ್ಲಿ ಹಗಲಿರುಳು ಬೇಯುವುದು ಇದೇ. ತೊಂದರೆ ಇರುವುದು ಬೆಂಕಿಯಲ್ಲಷ್ಟೇ ಅಲ್ಲ, ಕಲ್ಲಿನಲ್ಲೂ ಇದೆ. 100 ಕಿಲೊ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ ಉಳಿಯುವುದು 56 ಕಿಲೊ ಸುಣ್ಣ. ಮಿಕ್ಕ 44 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ನಾಳೆ ಗೂಡಿಗೆ ಕಲ್ಲಿದ್ದಲಿನ ಬದಲು ಸೌರವಿದ್ಯುತ್ ಕೊಟ್ಟರೂ ಈ 44 ಕಿಲೊ ತಪ್ಪದು. ಮನುಷ್ಯ ಹೊರಬಿಡುವ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7–8ರಷ್ಟು ಸಿಮೆಂಟ್ ಉದ್ಯಮದ ಪಾಲಾಗಿರುವುದು ಬೆಂಕಿ, ಕಲ್ಲು ಎರಡೂ ಸೇರಿ.

ಹಾಗಾದರೆ ಉಪಾಯ ಒಂದೇ: ಕ್ಲಿಂಕರ್ ಕಡಿಮೆ ಹಾಕಬೇಕು, ಗಟ್ಟಿತನ ಕಡಿಮೆಯಾಗಬಾರದು.

ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಇಪಿಎಫ್ಎಲ್ ಸಂಸ್ಥೆಯ ಕ್ಯಾರೆನ್ ಸ್ಕ್ರಿವೆನರ್, ಕ್ಯೂಬಾದ ಫರ್ನಾಂಡೊ ಮಾರ್ಟಿರೆನಾ, ದೆಹಲಿ ಮತ್ತು ಮದ್ರಾಸ್ ಐಐಟಿಗಳ ಸಂಶೋಧಕರು ಸೇರಿ ಬೆಳೆಸಿದ ಎಲ್‌ಸಿ3 ಎಂಬ ಸಿಮೆಂಟ್ ಈ ಲೆಕ್ಕವನ್ನು ಬಿಡಿಸಿದೆ. ಇದರಲ್ಲಿ ಸುಮಾರು ಶೇ 50 ಕ್ಲಿಂಕರ್, ಶೇ 30 ಸುಟ್ಟ ಜೇಡಿ, ಶೇ 15 ಸುಡದ ಸುಣ್ಣಕಲ್ಲಿನ ಪುಡಿ, ಶೇ 5 ಜಿಪ್ಸಮ್. ಜೇಡಿಯನ್ನು ಸುಡಲು 700ರಿಂದ 850 ಡಿಗ್ರಿ ಸಾಕು. ಅದರಿಂದ ಹೊರಬರುವುದು ನೀರಾವಿ. ಹೀಗೆ ಸುಟ್ಟ ಜೇಡಿಯ ಅಲ್ಯುಮಿನಾ, ಸುಣ್ಣಕಲ್ಲಿನ ಪುಡಿಯೊಂದಿಗೆ ವರ್ತಿಸಿ ಹೊಸ ಹರಳುಗಳಾಗಿ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳನ್ನು ತುಂಬುತ್ತದೆ. ಏಳು ದಿನ ಕಳೆಯುವಷ್ಟರಲ್ಲಿ ಇದು ಸಾಮಾನ್ಯ ಸಿಮೆಂಟಿನ ಬಲಕ್ಕೆ ಸರಿಸಾಟಿಯಾಗುತ್ತದೆ. ಇಂಗಾಲದ ಹೊರೆ ಶೇ 40ರವರೆಗೂ ಇಳಿಯಬಲ್ಲದು.

ಕನ್ನಡ ನಾಡಿಗೆ ಈ ಪಾಕ ಪೂರ್ತಿ ಹೊಸದೇನೂ ಅಲ್ಲ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಂದಿಗೆ ಅರೆದ ಸುರ್ಕಿ ಗಾರೆಯಲ್ಲೇ ಕನ್ನಂಬಾಡಿ ಕಟ್ಟೆ ಎದ್ದು ನಿಂತದ್ದು. ಸುಟ್ಟ ಮಣ್ಣು ಸುಣ್ಣವನ್ನು ಹಿಡಿದು ಗಟ್ಟಿಯಾಗುತ್ತದೆ ಎಂಬುದು ಆ ಕಾಲದ ಗಾರೆಯವರಿಗೆ ಅನುಭವದಿಂದ ಗೊತ್ತಿತ್ತು. ಯಾವ ಮಣ್ಣು, ಎಷ್ಟು ಬಿಸಿ, ಸುಣ್ಣಕಲ್ಲಿನ ಪುಡಿಯ ಪಾತ್ರವೇನು ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಳೆದು ಹೇಳಿದ್ದು ಇಂದಿನ ವಿಜ್ಞಾನ.

ಇದಿನ್ನು ಪ್ರಯೋಗಾಲಯದ ಮಾತಾಗಿ ಉಳಿದಿಲ್ಲ. ಝಾನ್ಸಿಯಲ್ಲಿ ಎಲ್‌ಸಿ3ಯಿಂದ ಮಾದರಿ ಮನೆ ಕಟ್ಟಿ ತೋರಿಸಿದ್ದಾಗಿದೆ. ಭಾರತೀಯ ಮಾನಕ ಬ್ಯೂರೊ 2023ರಲ್ಲಿ ಐಎಸ್ 18189 ಎಂಬ ಮಾನದಂಡವನ್ನೂ ಹೊರಡಿಸಿದೆ. ಆದರೂ ನಮ್ಮ ಊರಿನ ಸಿಮೆಂಟ್ ಅಂಗಡಿಗಳಲ್ಲಿ ಈ ಹೆಸರು ಕೇಳಿದವರು ಎಷ್ಟು ಮಂದಿ?

ತಕರಾರುಗಳು ಇಲ್ಲವೆಂದಲ್ಲ. ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೆ ಈ ಸಿಮೆಂಟ್ ಕೆಂಪಗೆ ಕಾಣುತ್ತದೆ. ಬೂದು ಬಣ್ಣಕ್ಕೆ ಒಗ್ಗಿದ ಕಣ್ಣು 'ಕಲಬೆರಕೆ' ಎಂದುಬಿಡುತ್ತದೆ. ಕಲಸುವಾಗ ಅಂಟಂಟು ಹೆಚ್ಚು. ಮೇಸ್ತ್ರಿ ಅಭ್ಯಾಸಬಲದಿಂದ ಇನ್ನೊಂದು ಬಕೆಟ್ ನೀರು ಸುರಿದರೆ ಬಲ ಕುಗ್ಗುತ್ತದೆ. ನೀರಿನ ಬದಲು ಮಿಶ್ರಣವನ್ನು ಸಡಿಲಿಸುವ ರಾಸಾಯನಿಕ ಹಾಕಬೇಕು. ಉಪ್ಪಿನ ಅಂಶ ಒಳಗಿಳಿಯದಂತೆ ಇದು ಚೆನ್ನಾಗಿ ತಡೆಯುವುದರಿಂದ ಮಂಗಳೂರು, ಕಾರವಾರದಂಥ ಕರಾವಳಿಗೆ ಹೇಳಿ ಮಾಡಿಸಿದ್ದು. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಇದರೊಳಗೆ ತುಸು ಬೇಗ ಇಳಿಯುತ್ತದೆ. ಹಾಗಾಗಿ ಕ್ಯೂರಿಂಗ್‌ನಲ್ಲಿ, ಕಂಬಿಯ ಮೇಲಿನ ಕವರಿಂಗ್‌ನಲ್ಲಿ ಉದಾಸೀನ ಸಲ್ಲದು.

ಇವೆಲ್ಲ ಕಲಿಸಿದರೆ ಬರುವ ವಿದ್ಯೆಗಳು. ಕಲಿಸುವವರು ಯಾರು ಎಂಬಲ್ಲಿಯೇ ಬಂಡಿ ನಿಲ್ಲುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ 'ಅಸ್ತ್ರ' ಕೇಂದ್ರ ನೆನಪಿಗೆ ಬರುತ್ತದೆ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ವಿಧಾನವನ್ನು ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಅಲ್ಲಿ ಹದಗೊಳಿಸಿದರು. ಬೆಂಗಳೂರಿನಲ್ಲಿ ಆ ಇಟ್ಟಿಗೆಯ ಮನೆಗಳು ಗಟ್ಟಿಮುಟ್ಟಾಗಿ ನಿಂತಿವೆ. ಆದರೂ ಅದು ಆಸಕ್ತರ, ಪರಿಸರಪ್ರಿಯರ ಆಯ್ಕೆಯಾಗಿ ಉಳಿಯಿತೇ ಹೊರತು ಎಲ್ಲರ ಇಟ್ಟಿಗೆಯಾಗಲಿಲ್ಲ.

ಹಾರುಬೂದಿಯ ಕಥೆ ಬೇರೆ. ಅದನ್ನು ಬೆರೆಸಿದ ಪಿಪಿಸಿ ಸಿಮೆಂಟನ್ನು ಒಂದು ಕಾಲದಲ್ಲಿ ಜನ 'ಬೂದಿ ಸಿಮೆಂಟು' ಎಂದು ದೂರವಿಟ್ಟಿದ್ದರು. ಶಾಖೋತ್ಪನ್ನ ಸ್ಥಾವರಗಳ ಬೂದಿಯನ್ನು ಕಟ್ಟಡ ಕೆಲಸಕ್ಕೆ ಬಳಸಲೇಬೇಕೆಂದು ಕೇಂದ್ರ ಸರ್ಕಾರ 1999ರಲ್ಲಿ ಅಧಿಸೂಚನೆ ಹೊರಡಿಸಿತು. ಮಾನದಂಡಗಳು ಅದಕ್ಕೆ ಜಾಗ ಕೊಟ್ಟವು. ಇಂದು ದೇಶದಲ್ಲಿ ಹೆಚ್ಚು ಮಾರಾಟವಾಗುವುದು ಪಿಪಿಸಿಯೇ. ಜನರ ಅನುಮಾನ ಕರಗಿದ್ದು ಭಾಷಣದಿಂದಲ್ಲ, ಎಲ್ಲೆಡೆ ಬಳಕೆಯಾಗುವುದನ್ನು ಕಂಡಿದ್ದರಿಂದ.

ಎಲ್‌ಸಿ3ಗೂ ಅದೇ ದಾರಿ ಬೇಕು. ಲೋಕೋಪಯೋಗಿ ಇಲಾಖೆ ತನ್ನ ದರಪಟ್ಟಿಯಲ್ಲಿ ಇದಕ್ಕೆ ಸ್ಪಷ್ಟ ಜಾಗ ಕೊಡಲಿ. ಅಲ್ಲಿ ಹೆಸರಿಲ್ಲದ ವಸ್ತುವನ್ನು ಯಾವ ಎಂಜಿನಿಯರೂ ಅಂದಾಜುಪಟ್ಟಿಗೆ ಸೇರಿಸಲಾರರು. ಇದಕ್ಕೆ ಪಿಂಗಾಣಿಯ ಶುದ್ಧ ಜೇಡಿ ಬೇಡ, ಕೆಯೊಲಿನೈಟ್ ಖನಿಜದ ಅಂಶ ಶೇ 40ರಷ್ಟಿದ್ದರೆ ಸಾಕು. ಅಂಥ ಮಣ್ಣು ರಾಜ್ಯದಲ್ಲಿ ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆ ತಯಾರಿಸಲಿ. ಕ್ಲಿಂಕರ್‌ಗೆ ಒದಗದ ಕಡಿಮೆ ದರ್ಜೆಯ ಸುಣ್ಣಕಲ್ಲೂ ಇದರಲ್ಲಿ ಉಪಯೋಗಕ್ಕೆ ಬರುವುದರಿಂದ ಕಲಬುರಗಿಯ ಗಣಿಗಳಿಗೂ ಲಾಭವಿದೆ. ಮೊದಲಿಗೆ ಶಾಲೆಯ ಕಾಂಪೌಂಡು, ಚರಂಡಿ, ಪಾದಚಾರಿ ಮಾರ್ಗದ ಕೆಲಸಗಳಲ್ಲಿ ಬಳಸಿ, ಆ ಜಾಗಗಳಲ್ಲೇ ಮೇಸ್ತ್ರಿಗಳಿಗೆ ತರಬೇತಿ ಕೊಡಬಹುದು. ಎರಡು ಮಳೆಗಾಲ ಪರೀಕ್ಷಿಸಿ, ಫಲಿತಾಂಶವನ್ನು ಸಾರ್ವಜನಿಕರ ಮುಂದಿಟ್ಟ ಮೇಲೆ ತಾರಸಿಯ ಮಾತು ಎತ್ತಿದರಾಯಿತು.