ಆ ತಲೆಯನ್ನು ನಾಯಿಗೆ ಎಸೆಯಬೇಡಿ

ಹಿಂಡಿನ ಮರಿಯೊಂದು ಕತ್ತು ವಾಲಿಸಿಕೊಂಡು ನಿಂತಲ್ಲೇ ಗಿರಗಿರ ಸುತ್ತತೊಡಗಿದರೆ ಅದು ಉಳಿಯುವುದಿಲ್ಲವೆಂದು ಅನುಭವಿ ಕುರಿಗಾಹಿಗೆ ಗೊತ್ತು. ಮೇವು ಬಿಡುತ್ತದೆ, ಹಿಂದುಳಿಯುತ್ತದೆ, ಗೋಡೆಗೆ ತಲೆಯೊತ್ತಿ ನಿಲ್ಲುತ್ತದೆ. ಸಾಯುವ ಮುಂಚೆ ಕೊಯ್ಯುತ್ತಾರೆ. ಮಾಂಸ ಪಾಲಾಗುತ್ತದೆ, ತಲೆ ನಾಯಿಗೆ ಹೋಗುತ್ತದೆ. ಮುಂದಿನ ಮರಿಯ ಸಾವು ಅಲ್ಲಿಂದಲೇ ಶುರು.

ಆ ಬುರುಡೆಯನ್ನು ಒಡೆದು ನೋಡಿ. ಮಿದುಳಿನಲ್ಲಿ ತಿಳಿನೀರು ತುಂಬಿದ ತೆಳುಪೊರೆಯ ಚೀಲವಿರುತ್ತದೆ, ಕೆಲವೊಮ್ಮೆ ಕೋಳಿಮೊಟ್ಟೆಯಷ್ಟು ದೊಡ್ಡದು. ಅದರ ಒಳಮೈಗೆ ನುಚ್ಚಿನಂತೆ ಬಿಳಿ ಚುಕ್ಕೆಗಳು ಅಂಟಿರುತ್ತವೆ. ಒಂದೊಂದು ಚುಕ್ಕೆಯೂ ಒಂದು ಲಾಡಿಹುಳುವಿನ ತಲೆ. ನಾಯಿ ತಿಂದರೆ ಒಂದೂವರೆ ಎರಡು ತಿಂಗಳಲ್ಲಿ ಅವು ಅದರ ಕರುಳಿನಲ್ಲಿ ಬೆಳೆದು, ಮೊಟ್ಟೆಗಳು ಹೇಲಿನ ಜೊತೆ ಹುಲ್ಲಿಗೆ ಬೀಳುತ್ತವೆ. ಆ ಹುಲ್ಲು ಮೇದ ಮರಿಯ ರಕ್ತದಲ್ಲಿ ಹರಿದು ಹುಳು ಮಿದುಳು ಸೇರುತ್ತದೆ. ಅಪರೂಪಕ್ಕೆ ಮನುಷ್ಯರ ಮಿದುಳನ್ನೂ ಬಿಡುವುದಿಲ್ಲ. ಇದರ ದಾಯಾದಿಯೊಂದು ಕುರಿಯ ಯಕೃತ್ತು, ಶ್ವಾಸಕೋಶದ ನೀರುಗುಳ್ಳೆಯಿಂದ ನಾಯಿಗೆ, ನಾಯಿಯಿಂದ ಅದನ್ನು ಮುದ್ದಾಡುವ ಮಕ್ಕಳಿಗೆ ದಾಟುತ್ತದೆ.

ನಾಯಿಯನ್ನು ದೂರಬೇಡಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವರು ತಮ್ಮನ್ನು ಮೈಲಾರಲಿಂಗನ ನಾಯಿಗಳೆಂದೇ ಕರೆದುಕೊಳ್ಳುವ ಸೀಮೆ ಇದು. ನಾಯಿಯಿಲ್ಲದೆ ರಾತ್ರಿ ಹೊಲದಲ್ಲಿ ಕುರಿ ತರುಬುವವರುಂಟೆ? ನಾಯಿಗೆ ಮೂರು ತಿಂಗಳಿಗೊಮ್ಮೆ, ತೂಕಕ್ಕೆ ತಕ್ಕಷ್ಟು ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ರೊಟ್ಟಿಯಲ್ಲಿಟ್ಟು ತಿನ್ನಿಸಿ. ಕೊಯ್ದ ತಲೆಯನ್ನು ಸುಡಿ, ಇಲ್ಲವೇ ನಾಯಿ ಕೆದಕಲಾರದಷ್ಟು ಆಳದಲ್ಲಿ ಹೂಳಿ.

ಆದರೆ ಇದನ್ನು ಕುರಿಗಾಹಿಗೆ ಹೇಳುವವರು ಯಾರು? ಪಶುವೈದ್ಯ ಮಿತ್ರರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಸಿಬ್ಬಂದಿ ಕಡಿಮೆ, ಹಳ್ಳಿಗಳು ಹೆಚ್ಚು, ನಿಜ. ಹಾಗೆಂದು ಚೀಟಿ ಬರೆದು ಕಳಿಸಿದರೆ ಕೆಲಸ ಮುಗಿಯಿತೇ? ನೀವು ಮಾತಾಡದಿದ್ದರೆ ಔಷಧಿ ಅಂಗಡಿಯೇ ಆತನಿಗೆ ಆಸ್ಪತ್ರೆ. ಹುಳದ ಔಷಧಿ ಕೇಳಿದಾಗಲೆಲ್ಲ ಅದೇ ಬಾಟಲಿ, ಮರಿಗೂ ಟಗರಿಗೂ ಒಂದೇ ಅಳತೆ. ಟಗರಿಗೆ ಔಷಧಿ ಸಾಲದೆ ಹುಳು ಬದುಕಿಕೊಳ್ಳುತ್ತದೆ, ಬರಬರುತ್ತಾ ಆ ಔಷಧಿಗೇ ಒಗ್ಗಿಹೋಗುತ್ತದೆ. ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಕುಡಿಸಿದರೆ ಹೊಟ್ಟೆಯ ಮರಿಗೆ ಅಪಾಯ. ಬಾಟಲಿ ಕೈಗಿಡುವಾಗ ಇದನ್ನು ಎಷ್ಟು ಮಂದಿ ಹೇಳುತ್ತಾರೆ?

ತುಂಗಭದ್ರಾ ಹಿನ್ನೀರು ಇಳಿದ ಕೆಸರಂಚಿನಲ್ಲಿ ಮೇಯುವ ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಹಿಂಡಿಗೆ ಬಸವನಹುಳುವಿನ ಮೂಲಕ ಬರುವ ಯಕೃತ್ತಿನ ಹುಳುವಿನ ಭಯ. ಕೂಡ್ಲಿಗಿ, ಕೊಟ್ಟೂರಿನ ಒಣನೆಲದ ಹಿಂಡಿಗೆ ಆ ಭಯ ಅಷ್ಟಿಲ್ಲ. ಎರಡಕ್ಕೂ ಒಂದೇ ಔಷಧಿ ಬರೆಯುವುದು ವೈದ್ಯವಲ್ಲ, ವ್ಯಾಪಾರ. ಕುರಿಯ ಕಣ್ಣಿನ ಕೆಳರೆಪ್ಪೆ ಬಿಡಿಸಿ ತೋರಿಸಿ: ಒಳಗೆ ಕೆಂಪಗಿದ್ದರೆ ಸರಿ, ಬಿಳಿಚಿದ್ದರೆ ಹೊಟ್ಟೆಯ ಹುಳು ರಕ್ತ ಹೀರುತ್ತಿರಬಹುದು. ಇದನ್ನು ಕಲಿಯಲು ಓದು ಬರಹ ಬೇಡ. ಹೆಣ್ಣುಮಕ್ಕಳನ್ನೂ ಕರೆದು ತೋರಿಸಿ. ಹಿಂಡು ಊರೂರು ಸುತ್ತುವಾಗ ಮನೆಯಲ್ಲಿ ಎಳೆಮರಿ ಸಾಕುವವರು ಅವರೇ.

ಭರತ ಹುಣ್ಣಿಮೆಯಿಂದ ಶಿವರಾತ್ರಿಯ ಆಸುಪಾಸಿನವರೆಗೆ ಮೈಲಾರದ ಕಾರಣಿಕ, ಕೊಟ್ಟೂರಿನ ತೇರು, ಕುರುವತ್ತಿಯ ಜಾತ್ರೆ ಸಾಲಾಗಿ ಬರುತ್ತವೆ. ಪಶುಸಂಗೋಪನಾ ಇಲಾಖೆಯವರು ಅಲ್ಲೊಂದು ಮೇಜು ಹಾಕಿ, ಗಾಜಿನ ಭರಣಿಯಲ್ಲಿ ಆ ನೀರಿನ ಚೀಲವನ್ನಿಟ್ಟು ಬಂದವರಿಗೆ ತೋರಿಸಲಿ. ಹರಪನಹಳ್ಳಿಯಿಂದ ಕೂಡ್ಲಿಗಿಯವರೆಗೆ ಪ್ರತಿ ಗ್ರಾಮ ಪಂಚಾಯಿತಿಯೂ ಮಾಂಸದಂಗಡಿಗಳ ತ್ಯಾಜ್ಯಕ್ಕೆ ನಾಯಿ ಇಳಿಯಲಾಗದ ಒಂದು ಮುಚ್ಚುಗುಂಡಿ ತೋಡಿಸಲಿ. ಈ ಸಲದ ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಿ.